ತಲೆಗೆ ಪೆಟ್ಟಾದಾಗ ಯಾವ ಭಾಷೆ ಮೊದಲು ಮರಳುತ್ತದೆ?

ಕಾಸರಗೋಡು ಜಿಲ್ಲೆಯ ಬದಿಯಡ್ಕದ ಕಡೆ ಅಡಿಕೆ ಮರದಿಂದ ಬಿದ್ದು ತಲೆಗೆ ಪೆಟ್ಟಾದ ಒಬ್ಬರನ್ನು ಊಹಿಸಿಕೊಳ್ಳಿ. ಮನೆಯಲ್ಲಿ ತುಳು. ಓದಿದ್ದು ಕನ್ನಡ ಶಾಲೆಯಲ್ಲಿ. ಪೇಟೆಯಲ್ಲಿ, ಕಚೇರಿಯಲ್ಲಿ ಮಲಯಾಳ. ಮಂಗಳೂರಿನಲ್ಲಿ ಆಪರೇಷನ್ ಆಗಿ ಜೀವ ಉಳಿದಿದೆ, ಆದರೆ ಮಾತು ಸರಿಯಾಗಿ ಬರುತ್ತಿಲ್ಲ. ಥೆರಪಿ ಯಾವ ಭಾಷೆಯಲ್ಲಿ ಶುರು ಮಾಡಬೇಕು?

ಮೆದುಳಿನ ಗಾಯದ ಪುನಶ್ಚೇತನ ಕಲಿಯುವವರಿಗೆ, ಅದರಲ್ಲೂ ಕಾಸರಗೋಡಿನಂಥ ಕಡೆ ಕೆಲಸ ಮಾಡುವವರಿಗೆ, ಈ ಪ್ರಶ್ನೆಯನ್ನು ಮೊದಲ ವರ್ಷದಿಂದಲೇ ಕಲಿಸಬೇಕು ಅಂತ ನನಗೆ ಬಲವಾಗಿ ಅನಿಸುತ್ತದೆ.

1861ರಲ್ಲಿ ಫ್ರಾನ್ಸಿನ ವೈದ್ಯ ಪಾಲ್ ಬ್ರೋಕಾ, 'ಟಾನ್' ಅನ್ನುವುದು ಬಿಟ್ಟರೆ ಹೆಚ್ಚೇನೂ ಹೇಳಲಾಗದಿದ್ದ ರೋಗಿಯೊಬ್ಬನ ಮೆದುಳನ್ನು ಆತ ಸತ್ತ ಮೇಲೆ ಪರೀಕ್ಷಿಸಿದರು. ಎಡಭಾಗದ ಮುಂದಿನ ಹಾಲೆ, ಅಂದರೆ ಹಣೆಯ ಹಿಂದಿರುವ ಮೆದುಳಿನ ಭಾಗ, ಹಾಳಾಗಿತ್ತು. ಹೀಗೆ ಮೆದುಳಿನ ಗಾಯದಿಂದ ಭಾಷೆಗೆ ಬರುವ ತೊಂದರೆಯೇ ಅಫೇಸಿಯಾ. ಪಾರ್ಶ್ವವಾಯುವಿನಿಂದ ಇದು ಜಾಸ್ತಿ, ತಲೆಪೆಟ್ಟಿನಿಂದಲೂ ಬರುತ್ತದೆ. ಮಾತು ಹೋಯಿತೆಂದರೆ ಬುದ್ಧಿ ಹೋಯಿತು ಎಂದಲ್ಲ. ಇದನ್ನು ಮನೆಯವರಿಗೆ ಎಷ್ಟು ಸಲ ಹೇಳಿದರೂ ಸಾಲದು.

ಹಲವು ಭಾಷೆ ಬಲ್ಲವರಲ್ಲಿ ಮೊದಲು ಕಲಿತದ್ದೇ ಉಳಿಯುತ್ತದೆ ಎಂದು ಫ್ರಾನ್ಸಿನ ಮನಶ್ಶಾಸ್ತ್ರಜ್ಞ ರಿಬೋ ಹೇಳಿದ್ದರು. ಅಲ್ಲ, ಹೆಚ್ಚು ಬಳಸುತ್ತಿದ್ದದ್ದೇ ಮೊದಲು ಮರಳುತ್ತದೆ ಎಂದು 1895ರಲ್ಲಿ ಫ್ರಾನ್ಸಿನದೇ ವೈದ್ಯ ಪಿತ್ರ್ ಬರೆದರು. ಎರಡೂ ಎಲ್ಲರಿಗೂ ಹೊಂದುವುದಿಲ್ಲ. ಮೆದುಳು ಮತ್ತು ಭಾಷೆಯ ಸಂಬಂಧವನ್ನು ಅಧ್ಯಯನ ಮಾಡಿದ ಮಿಶೆಲ್ ಪಾರಾಡಿಸ್ ಇಂಥ ರೋಗಿಗಳ ವರದಿಯಾದ ಪ್ರಕರಣಗಳನ್ನು ಒಟ್ಟು ಮಾಡಿ ನೋಡಿದಾಗ, ಹೆಚ್ಚಿನವರಲ್ಲಿ ಎಲ್ಲ ಭಾಷೆಗಳೂ ಜೊತೆಜೊತೆಗೇ ಸುಧಾರಿಸಿದ್ದು ಕಂಡಿತು. ಕೆಲವರಲ್ಲಿ ಒಂದು ಮಾತ್ರ ಬರುತ್ತದೆ. ಅಪರೂಪಕ್ಕೆ ಒಂದು ಸುಧಾರಿಸುತ್ತಾ ಹೋದಂತೆ ಇನ್ನೊಂದು ಹಿಂದೆ ಸರಿಯುವುದೂ ಉಂಟು. ಹಾಗಾಗಿ ಒಂದೇ ಭಾಷೆಯಲ್ಲಿ ಪರೀಕ್ಷೆ ಮಾಡಿ 'ಇಷ್ಟೇ' ಎಂದು ಬರೆದುಬಿಟ್ಟರೆ ಅದು ಅರ್ಧ ಚಿತ್ರ, ಅಲ್ವಾ?

ಇನ್ನೊಂದು ವಿಷಯ ನಮ್ಮ ಕಡೆಗೆ ತುಂಬಾ ಮುಖ್ಯ. ಭಾಷೆಗಳಿಗೆಲ್ಲ ಮೆದುಳಿನಲ್ಲಿ ಬೇರೆ ಬೇರೆ ಕೋಣೆಗಳಿಲ್ಲ, ಅವುಗಳ ಜಾಲಗಳು ಬಹುಪಾಲು ಒಂದರ ಮೇಲೊಂದು ಹಬ್ಬಿವೆ. ಈಗ ಯಾವ ಭಾಷೆ ಆಡಬೇಕು, ಯಾವುದನ್ನು ತಡೆಹಿಡಿಯಬೇಕು ಎಂದು ನಿಯಂತ್ರಿಸುವ ಕೆಲಸದಲ್ಲಿ ಮುಂದಿನ ಹಾಲೆಯ ಜೊತೆ ಮೆದುಳಿನ ಆಳದ ಕೆಲವು ಭಾಗಗಳೂ ಸೇರಿಕೊಂಡಿವೆ. ಅಲ್ಲಿ ಪೆಟ್ಟಾದರೆ ಭಾಷೆಗಳು ಬೇಡವೆಂದರೂ ಬೆರೆಯಬಹುದು. ಆದರೆ ತುಳು ವಾಕ್ಯದ ನಡುವೆ ಕನ್ನಡವೂ ಮಲಯಾಳವೂ ಬರುವುದು ಇಲ್ಲಿ ಆರೋಗ್ಯವಂತರದ್ದೇ ದಿನದ ಮಾತು! ರೋಗಿ ಮೊದಲು ಹೇಗೆ ಮಾತಾಡುತ್ತಿದ್ದರು ಎಂದು ಕೇಳದ ಥೆರಪಿಸ್ಟ್ ಇಲ್ಲದ ರೋಗವನ್ನು ಕಾಣಬಹುದು, ಇರುವುದನ್ನು ಬಿಟ್ಟುಬಿಡಬಹುದು.

ಪಾರಾಡಿಸ್ ರೂಪಿಸಿದ ದ್ವಿಭಾಷಾ ಅಫೇಸಿಯಾ ಪರೀಕ್ಷೆ ಕನ್ನಡದಲ್ಲೂ ಇದೆ. ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಕನ್ನಡದ ಪರೀಕ್ಷೆಗಳ ಮೇಲೆ ಕೆಲಸ ನಡೆದಿದೆ. ಇಂಥ ಥೆರಪಿಸ್ಟ್ ಆಗಲು ಓದುವ ವಾಕ್ ಶ್ರವಣ ಪದವಿ ನಾಲ್ಕು ವರ್ಷದ್ದು, ಅದರಲ್ಲಿ ಕೊನೆಯ ವರ್ಷ ಇಂಟರ್ನ್‌ಶಿಪ್. ಆ ವರ್ಷದ ಸ್ವಲ್ಪ ಭಾಗವಾದರೂ ಗಡಿ ಜಿಲ್ಲೆಗಳಲ್ಲಿ ಕಳೆಯುವಂತಾಗಲಿ, ಮನೆಯವರನ್ನು ಕೂರಿಸಿಕೊಂಡು ಕೇಳುವುದನ್ನು ಅಲ್ಲೇ ಕಲಿಯಲಿ.

ಅಲ್ಲಿಯವರೆಗೆ ಮನೆಯವರು ಮಾಡಬಹುದಾದದ್ದು ಒಂದಿದೆ. ಯಾವ ಭಾಷೆ ಯಾವ ವಯಸ್ಸಿನಲ್ಲಿ ಬಂತು, ಯಾರ ಜೊತೆ ಯಾವುದು, ಓದಲು ಬರೆಯಲು ಯಾವುದು ಬರುತ್ತಿತ್ತು ಎಂದು ಬರೆದು ಕೊಡಿ. ಪೆಟ್ಟಾಗುವ ಮೊದಲು ಅವರು ಕಳಿಸಿದ ವಾಟ್ಸಾಪ್ ಧ್ವನಿ ಸಂದೇಶಗಳನ್ನು ಅಳಿಸಬೇಡಿ, ಥೆರಪಿಸ್ಟ್‌ಗೆ ಕೇಳಿಸಿ.