ನಮ್ಮ ಊರಿನ ಸಂಘದಲ್ಲಿ ಎಲ್ಲಾ ಕೆಲಸಕ್ಕೂ ಅದೇ ನಾಲ್ಕು ಜನ. ನಾಯಕತ್ವದ ತರಬೇತಿ ಕೊಟ್ಟರೆ ಹೊಸಬರು ಮುಂದೆ ಬರ್ತಾರಾ?

ಬರ್ತಾರೆ. ಆದರೆ ಎರಡು ದಿನದ ಶಿಬಿರ, ಒಂದಷ್ಟು ಭಾಷಣ, ಕೊನೆಗೊಂದು ಸರ್ಟಿಫಿಕೇಟು, ಇಷ್ಟರಿಂದ ಬರಲ್ಲ.

ಈ ಪ್ರಶ್ನೆ ಬಂದಾಗಲೆಲ್ಲಾ ನನಗೆ ಬರ್ನಿಸ್ ರಾಬಿನ್ಸನ್ ನೆನಪಾಗುತ್ತಾರೆ. 1957ರ ಜನವರಿ, ಅಮೆರಿಕದ ಸೌತ್ ಕ್ಯಾರೊಲಿನಾದ ಜಾನ್ಸ್ ದ್ವೀಪ. ಅಲ್ಲಿನ ಕಪ್ಪು ಜನರು ಮತದಾರರ ಪಟ್ಟಿಗೆ ಹೆಸರು ಸೇರಿಸಬೇಕಾದರೆ ರಾಜ್ಯದ ಸಂವಿಧಾನದ ಒಂದು ಭಾಗ ಓದಿ ತೋರಿಸಬೇಕಿತ್ತು. ಎಷ್ಟೋ ಜನರಿಗೆ ಸಹಿ ಹಾಕೋಕೂ ಬರುತ್ತಿರಲಿಲ್ಲ. ಹೈಲ್ಯಾಂಡರ್ ಎಂಬ ವಯಸ್ಕರ ಶಾಲೆಯವರು ಅವರಿಗೆ ಪಾಠ ಹೇಳೋಕೆ ರಾಬಿನ್ಸನ್ ಅವರನ್ನು ಒಪ್ಪಿಸಿದರು. ಅವರು ಬ್ಯೂಟಿ ಪಾರ್ಲರ್ ನಡೆಸುತ್ತಿದ್ದವರು, ಪಾಠ ಮಾಡಿ ಗೊತ್ತೇ ಇರಲಿಲ್ಲ. ಬೇಕಂತಲೇ ಅಂಥವರನ್ನು ಹುಡುಕಿದ್ದು, ಯಾಕಂದ್ರೆ ಪಳಗಿದ ಮೇಷ್ಟ್ರು ದೊಡ್ಡವರನ್ನೂ ಮಕ್ಕಳ ಹಾಗೆ ಕೂರಿಸಿಬಿಡುತ್ತಾರೆ ಅನ್ನೋ ಭಯ. ರಾಬಿನ್ಸನ್ ಕೂಡ ಮೊದಲು ಚಿಕ್ಕ ಮಕ್ಕಳ ಪಾಠದ ಸಾಮಗ್ರಿಯನ್ನೇ ತಂದಿದ್ದರು. ಇದು ನಡೆಯಲ್ಲ ಅಂತ ಅವರಿಗೇ ಅನ್ನಿಸಿ, ಅದನ್ನು ಪಕ್ಕಕ್ಕಿಟ್ಟು, ನಿಮಗೆ ಏನು ಕಲೀಬೇಕು ಅಂತ ಕೇಳಿದರು. ಹೆಸರು ಬರೆಯೋದು, ಮನಿ ಆರ್ಡರ್ ಫಾರಂ ತುಂಬೋದು, ಬೈಬಲ್ ಓದೋದು. ಅದೇ ಪಠ್ಯವಾಯಿತು. ಮುಂದೆ ಇಂಥ ಶಾಲೆಗಳು ದಕ್ಷಿಣದ ಎಷ್ಟೋ ರಾಜ್ಯಗಳಿಗೆ ಹರಡಿದವು, ಕಲಿಸುವವರೂ ಹೆಚ್ಚಾಗಿ ಆಯಾ ಊರಿನವರೇ.

ಅಂದ್ರೆ ನಾಯಕತ್ವ ಅಂತ ಬೋರ್ಡ್ ಹಾಕಿ ಕಲಿಸಿದ್ದಲ್ಲ. ಜನರಿಗೆ ನಿಜಕ್ಕೂ ಬೇಕಿದ್ದ ಒಂದು ಕೆಲಸ ಹಿಡಿದು, ಅದರ ಜೊತೆಗೇ ಕಲಿತದ್ದು. ಕೆನಡಾದ ನೋವಾ ಸ್ಕೋಶಿಯಾದಲ್ಲೂ 1930ರ ದಶಕದಲ್ಲಿ ಮೀನುಗಾರರು, ರೈತರು ಸಣ್ಣ ಸಣ್ಣ ಗುಂಪಾಗಿ ಕೂತು ಓದಿ, ಚರ್ಚಿಸಿ, ತಮ್ಮದೇ ಸಾಲ ಸಂಘ, ಸಹಕಾರ ಸಂಘ ಕಟ್ಟಿಕೊಂಡರು.

ಹಾಗಾದರೆ ಯಾರನ್ನು ಕರೀಬೇಕು? ಸುಮ್ನೆ ನೋಟಿಸ್ ಅಂಟಿಸಿದರೆ ಅದೇ ನಾಲ್ಕು ಜನ ಬರುತ್ತಾರೆ, ಅಲ್ವಾ? ಕಷ್ಟ ಬಂದಾಗ ಅಕ್ಕಪಕ್ಕದವರು ಯಾರ ಬಾಗಿಲು ತಟ್ಟುತ್ತಾರೆ ಅಂತ ನೋಡಿ, ಅವರ ಮನೆಗೇ ಹೋಗಿ ಕೇಳಿ. ಮೊದಲು ಬೇಡ ಅನ್ನಬಹುದು, ಮತ್ತೆ ಹೋಗಿ. ದುಡಿಮೆಗೆ ಅಡ್ಡಿಯಾಗದ ಹೊತ್ತು ಇಟ್ಟುಕೊಳ್ಳಿ. ಮಕ್ಕಳನ್ನು ನೋಡಿಕೊಳ್ಳೋಕೆ ಒಬ್ಬರು ಇರಲಿ, ಇಲ್ಲದಿದ್ದರೆ ಹೆಂಗಸರು ಎರಡನೇ ದಿನಕ್ಕೇ ನಿಂತುಬಿಡುತ್ತಾರೆ.

ನನ್ನ ಪ್ರಕಾರ ಜಾಸ್ತಿ ಕಷ್ಟ ಇರೋದು ಹಳಬರ ಕಡೆ. ಹೊಸಬರು ತರಬೇತಿ ಮುಗಿಸಿ ಬರುತ್ತಾರೆ, ಆದರೆ ಲೆಕ್ಕದ ಪುಸ್ತಕ, ಬೀಗದ ಕೈ, ಅಧಿಕಾರಿಗಳ ಫೋನ್ ನಂಬರು ಎಲ್ಲಾ ಇನ್ನೂ ಹಳಬರ ಹತ್ತಿರವೇ. ಹೀಗಿದ್ದರೆ ಕಲಿತದ್ದು ಎಲ್ಲಿ ಬಳಸೋದು? ತರಬೇತಿ ಶುರುವಾಗುವ ಮೊದಲೇ ಇದನ್ನು ಮಾತಾಡಿಕೊಳ್ಳಿ. ಒಂದು ಚಿಕ್ಕ ಕೆಲಸ, ಅದಕ್ಕೆ ಬೇಕಾದ ದುಡ್ಡು, ತೀರ್ಮಾನದ ಹಕ್ಕು, ಮೂರನ್ನೂ ಹೊಸಬರ ಕೈಗೆ ಕೊಡಿ. ಮೊದಲ ಸಭೆಯಲ್ಲಿ ಅವರ ಮಾತು ತಡವರಿಸುತ್ತೆ, ಲೆಕ್ಕ ಒಂದೆರಡು ಕಡೆ ತಪ್ಪುತ್ತೆ. ಆಗ ಹಳಬರು ಮೈಕ್ ವಾಪಸ್ ಕೇಳದೆ ಹಿಂದಿನ ಸಾಲಲ್ಲಿ ಕೂತಿರಬೇಕು. ಸಭೆ ಮುಗಿದ ಮೇಲೆ, ಒಬ್ಬರೇ ಇದ್ದಾಗ, ತಪ್ಪು ಎಲ್ಲಿ ಆಯ್ತು ಅಂತ ಹೇಳಿಕೊಟ್ಟರೆ ಸಾಕು.