ಕಾಲ್ಗುಣ ಯಾರದು? ವರ್ಚಸ್ಸಿನ ಪಾಠಕ್ಕೊಂದು ಟಿಪ್ಪಣಿ

ವರ್ಚಸ್ಸು (charisma) ಅಂದರೇನು, ಪರೀಕ್ಷೆಯಲ್ಲಿ ಅದನ್ನು ಹೇಗೆ ಬರೆಯಬೇಕು ಅಂತ ಧಾರವಾಡದ ಸಪ್ತಾಪುರದ ರೀಡಿಂಗ್ ರೂಮಿನಲ್ಲಿ ಇಬ್ಬರು ಮೂವರು ಕೇಳಿದ್ದಕ್ಕೆ ಬರೆದಿಟ್ಟಿದ್ದೇನೆ. ಜರ್ಮನಿಯ ಸಮಾಜಶಾಸ್ತ್ರಜ್ಞ ಮ್ಯಾಕ್ಸ್ ವೇಬರ್ ಹೇಳುವ ಮೂರು ಬಗೆಯ ಅಧಿಕಾರದಲ್ಲಿ ಸಾಂಪ್ರದಾಯಿಕ, ಕಾನೂನುಬದ್ಧ ಎರಡೂ ಸುಲಭ. ತೊಡಕು ವರ್ಚಸ್ಸಿನದು. ಅದು ನಾಯಕನ ಮೈಯಲ್ಲಿರುವ ಗುಣ ಎಂದಷ್ಟೇ ಬರೆದು ಅಂಕ ಕಳೆದುಕೊಳ್ಳುತ್ತೇವೆ. ವೇಬರ್‌ಗೆ ಮುಖ್ಯವಾದದ್ದು, ಹಿಂಬಾಲಕರು ಅವನನ್ನು ಹೇಗೆ ಕಾಣುತ್ತಾರೆ ಎಂಬುದು.

ನಮ್ಮ ಕಡೆ ಇದಕ್ಕೊಂದು ಮಾತು ಮೊದಲೇ ಇದೆ: ಕಾಲ್ಗುಣ. ಹಾವೇರಿ ಕಡೆಯ ನಮ್ಮೂರಿಗೆ ದೊಡ್ಡ ನಾಯಕರೊಬ್ಬರು ಬಂದು ಹೋದ ಸಂಜೆಯೇ ಮಳೆ ಹೊಡೆಯಿತು. "ಅವರ ಕಾಲ್ಗುಣಾನ ಹಂಗ ಐತಿ" ಅಂದ ಮುತ್ಯಾ (ಅಜ್ಜ). ಮಿರಗ, ಅಂದರೆ ಮೃಗಶಿರಾ ಮಳೆ, ಕೂಡಿ ಆಗಲೇ ನಾಲ್ಕು ದಿನವಾಗಿತ್ತು. ಐವತ್ತು ವರ್ಷ ಬಿತ್ತಿದವನಿಗೆ ಅದು ಗೊತ್ತಿರಲಿಲ್ಲವೇ? ಮುಂದೆ ಜನವರಿಯಲ್ಲಿ ಕಣದಲ್ಲಿ ಒಣಹಾಕಿದ್ದ ಬ್ಯಾಡಗಿ ಮೆಣಸಿನಕಾಯಿ ಅಕಾಲದ ಮಳೆಗೆ ನೆನೆದು ಬಣ್ಣಗೆಟ್ಟಿತು. ಆಗ ಕಾಲ್ಗುಣದ ಸುದ್ದಿಯೇ ಇಲ್ಲ. ಪರಿಹಾರ ತಡವಾಯಿತೆಂದು ಬೈಸಿಕೊಂಡವನು ತಲಾಟಿ, ಊರಿನ ಲೆಕ್ಕಿಗ.

ದೇವರು ವರ ಕೊಟ್ಟರೂ ಪೂಜಾರಿ ಕೊಡ! ನಾಯಕ ಮತ್ತೆ ಮತ್ತೆ ಸೋತರೆ ವರ್ಚಸ್ಸು ಕರಗುತ್ತದೆ ಅನ್ನುತ್ತಾನೆ ವೇಬರ್. ಸೋಲನ್ನು ಕಟ್ಟಲು ತಲಾಟಿಯಂಥ ಪೂಜಾರಿಯ ತಲೆಯೊಂದು ಸಿಕ್ಕರೆ ಅಷ್ಟು ಬೇಗ ಕರಗುವುದಿಲ್ಲ. (ಇದು ನನ್ನ ಮಾತು, ವೇಬರ್ ಹೆಸರಲ್ಲಿ ಬರೆದು ಬರಬೇಡಿ.)

ಉತ್ತರಕ್ಕೆ ಗಟ್ಟಿ ಉದಾಹರಣೆ ಉತ್ತರ ಪ್ರದೇಶದ ಗೋರಖಪುರ. 1921ರ ಫೆಬ್ರುವರಿ 8ರಂದು ಗಾಂಧೀಜಿ ಅಲ್ಲಿಗೆ ಬಂದು ಹೋದರು. ಆ ಹೊತ್ತಿಗೆ ಹಬ್ಬಿದ ಸುದ್ದಿಗಳನ್ನು ಇತಿಹಾಸಕಾರ ಶಾಹಿದ್ ಅಮೀನ್ ಸ್ಥಳೀಯ ಪತ್ರಿಕೆಯಿಂದ ಹೆಕ್ಕಿ ಓದಿದ್ದಾರೆ. "ನನ್ನ ಕೊಪ್ಪರಿಗೆ ಎರಡು ಹೋಳಾದರೆ ಮಹಾತ್ಮನನ್ನು ನಂಬುತ್ತೇನೆ" ಅಂದವನೊಬ್ಬನ ಕೊಪ್ಪರಿಗೆ, ಕಬ್ಬಿನ ಹಾಲು ತುಂಬಿದ್ದಾಗಲೇ, ನಡುವೆ ಸೀಳಿತಂತೆ. ಬೈದವರಿಗೆ ಕೇಡಾಯಿತಂತೆ, ಹರಕೆ ಹೊತ್ತವರಿಗೆ ಕೈಗೂಡಿತಂತೆ. ಗ್ರಾಮದೇವತೆಯ ಕಥೆಗಳಿಗೂ ಇದೇ ಅಚ್ಚು. ಹೆಸರು ಮಾತ್ರ ಹೊಸದು. ಇವನ್ನು ಮೌಢ್ಯ ಅಂತ ತಳ್ಳಿಬಿಟ್ಟರೆ, ರೈತರು ಸ್ವರಾಜ್ಯದಿಂದ ಏನು ಬಯಸಿದ್ದರು ಅನ್ನುವ ಸುಳಿವೂ ಹೋಗುತ್ತದೆ. ವರ್ಷ ತುಂಬುವಷ್ಟರಲ್ಲಿ ಅದೇ ಜಿಲ್ಲೆಯ ಚೌರಿಚೌರಾದಲ್ಲಿ ಗಾಂಧೀಜಿಗೆ ಜೈ ಅನ್ನುತ್ತಲೇ ಜನ ಪೊಲೀಸ್ ಠಾಣೆಗೆ ಬೆಂಕಿ ಇಟ್ಟರು. ಒಳಗಿದ್ದ ಪೊಲೀಸರು ಸತ್ತರು. ಗಾಂಧೀಜಿ ಅಸಹಕಾರ ಚಳವಳಿಯನ್ನೇ ನಿಲ್ಲಿಸಿದರು. ಜೈಕಾರದ ಗಾಂಧಿಯೇ ಬೇರೆ, ಚಳವಳಿ ನಿಲ್ಲಿಸಿದ ಗಾಂಧಿಯೇ ಬೇರೆ.

ಉತ್ತರದಲ್ಲಿ ಅಂಬೇಡ್ಕರ್ ಮಾತನ್ನೂ ಸೇರಿಸುವುದಾದರೆ, ರಾಜಕೀಯದಲ್ಲಿ ಭಕ್ತಿ ಸರ್ವಾಧಿಕಾರಕ್ಕೆ ದಾರಿ ಎಂದ ಅವರ ಸಂವಿಧಾನ ಸಭೆಯ ಭಾಷಣ 1949ರ ನವೆಂಬರ್ 25ರದು. ಅನೇಕರು 26 ಅಂತ ಬರೆಯುತ್ತಾರೆ.

ಮೊನ್ನೆ ಊರಿಗೆ ಹೋದಾಗ ಮುತ್ಯಾನನ್ನು ಕೇಳಿದೆ. ಎಲಿ-ಅಡಿಕಿ ಜಗಿಯುತ್ತಲೇ ಅಂದ: "ಮಿರಗ ವರ್ಷಾ ಕೂಡ್ತೈತಿ ತಮ್ಮಾ. ಅವತ್ತ ಸಂಜಿಗೇ ಯಾಕ ಹೊಡೀಬೇಕಿತ್ತು, ಅದನ್ನ ಹೇಳು."