ಕೋಳಿಯ ಕವೆ ಮೂಳೆ ಮತ್ತು ಬ್ಯಾಕರ್ ಓಡಿಸಿದ ಡೈನೋಸಾರ್

ಬೇಸಿಗೆ ರಜೆಗೆ ಮೈಸೂರಿನಿಂದ ಬಂದಿದ್ದ ತಂಗಿಯ ಮಗನಿಗೆ ಒಂದೇ ಹಟ. ನಮ್ಮ ತೋಟದಲ್ಲಿ ಡೈನೋಸಾರ್ ಮೂಳೆ ಅಗೆಯಬೇಕಂತೆ. ಕಾಫಿ ಗಿಡಕ್ಕೆ ಗುಂಡಿ ತೆಗೆಯುವ ಗುದ್ದಲಿ ಎಳೆದುಕೊಂಡು ಬಂದು, "ಮಾವ, ಎಷ್ಟು ಅಡಿ ಅಗೆದರೆ ಸಿಗುತ್ತೆ?" ಅಂತ ಕೇಳಿದ. ಎಷ್ಟು ಅಗೆದರೂ ಸಿಗೋದಿಲ್ಲ ಕಣೋ ಅಂದೆ. ಮುಖ ಸಪ್ಪೆಯಾಯಿತು.

ಕೊಡಗಿನ ಬಂಡೆಗಳು ಬಹಳ ಹಳೆಯವು. ಸುಮಾರು 300 ಕೋಟಿ ವರ್ಷಗಳ ಹಿಂದಿನವು, ನೆಲದ ಆಳದಲ್ಲಿ ಬೆಂದು, ಒತ್ತಡಕ್ಕೆ ಸಿಕ್ಕಿ ರೂಪ ಬದಲಿಸಿದವು. ಡೈನೋಸಾರ್‌ಗಳು ಬಂದಿದ್ದೇ ಸುಮಾರು 23 ಕೋಟಿ ವರ್ಷಗಳ ಹಿಂದೆ. ಮೂಳೆ ಕಲ್ಲಾಗಬೇಕಾದರೆ ಅದರ ಮೇಲೆ ಬೇಗ ಕೆಸರೋ ಮರಳೋ ಬಿದ್ದು ಮುಚ್ಚಬೇಕು, ಆ ಪದರ ಕೋಟಿಗಟ್ಟಲೆ ವರ್ಷ ಉಳಿಯಲೂ ಬೇಕು. ನಮ್ಮ ಮಳೆ ಮುಚ್ಚುವುದಕ್ಕಿಂತ ಕೊಚ್ಚುವುದೇ ಜಾಸ್ತಿ. 2018ರ ಆಗಸ್ಟ್‌ನ ಭೂಕುಸಿತ ಕಂಡವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಮೂಳೆ ಬೇಕಿದ್ದರೆ ಗೋದಾವರಿ ಕಣಿವೆಗೋ, ಜಬಲ್ಪುರಕ್ಕೋ, ಗುಜರಾತಿನ ಬಾಲಾಸಿನೋರ್‌ಗೋ ಹೋಗಬೇಕು.

ಅವತ್ತು ರಾತ್ರಿ ನೂಪುಟ್ಟು, ಕೋಳಿ ಕರಿ. ಹುಡುಗನ ತಟ್ಟೆಗೆ ಎದೆ ಭಾಗ ಬಿತ್ತು. ಅದರಲ್ಲಿ ಚಾಟರಬಿಲ್ಲಿನ ಕವೆಯಂಥ ಒಂದು ಸಣ್ಣ ಮೂಳೆ ಇರುತ್ತದಲ್ಲ, ಬೆರಳಲ್ಲಿ ಒತ್ತಿದರೆ ಸ್ವಲ್ಪ ಬಾಗುತ್ತದೆ, ಅದು. "ತಗೋ, ಡೈನೋಸಾರ್ ಮೂಳೆ" ಅಂದೆ. ತಮಾಷೆ ಅಂದುಕೊಂಡ. ಆದರೆ ಈ ಮೂಳೆಯ ವಿಷಯದಲ್ಲಿ ವಿಜ್ಞಾನಿಗಳು ದಶಕಗಟ್ಟಲೆ ಎಡವಿದ್ದರು.

ಕಥೆ ಹೆಸರಿನಿಂದಲೇ ಶುರುವಾಗುತ್ತದೆ. 1842ರಲ್ಲಿ ಇಂಗ್ಲೆಂಡಿನ ಜೀವವಿಜ್ಞಾನಿ ರಿಚರ್ಡ್ ಓವೆನ್ 'ಭಯಂಕರ ಹಲ್ಲಿ' ಅನ್ನುವ ಅರ್ಥದ ಗ್ರೀಕ್ ಪದ ಕಟ್ಟಿದ. ನಮ್ಮಲ್ಲೂ ಅದು ದೈತ್ಯ ಹಲ್ಲಿ ಆಯಿತು. ಹಲ್ಲಿ ಅಂದ ಮೇಲೆ ತಣ್ಣನೆ ರಕ್ತ, ನಿಧಾನ, ದಡ್ಡ ಅಂತ ತಾನೇ ಅಂದುಕೊಳ್ಳೋದು? ಅಲ್ಲಿನ ಇನ್ನೊಬ್ಬ ಜೀವವಿಜ್ಞಾನಿ ಥಾಮಸ್ ಹಕ್ಸ್ಲಿಯಂಥವರು 19ನೇ ಶತಮಾನದಲ್ಲೇ "ಇವಕ್ಕೂ ಹಕ್ಕಿಗೂ ನಂಟಿದೆ" ಎಂದಿದ್ದರು. ಆದರೆ 1926ರಲ್ಲಿ ಇಂಗ್ಲಿಷಿಗೆ ಬಂದ ಹಕ್ಕಿಗಳ ಮೂಲದ ಪುಸ್ತಕವೊಂದರಲ್ಲಿ ಡೆನ್ಮಾರ್ಕಿನ ಗೆರ್ಹಾರ್ಡ್ ಹೈಲ್ಮನ್ ಒಂದು ತಕರಾರು ಎತ್ತಿದ. ಈತ ಮೂಲತಃ ಚಿತ್ರಕಾರ. ಹಕ್ಕಿಯ ಆ ಕವೆ ಮೂಳೆ ಎರಡು ಕೊರಳೆಲುಬು ಕೂಡಿ ಆದದ್ದು, ಡೈನೋಸಾರ್‌ಗೆ ಕೊರಳೆಲುಬೇ ಇಲ್ಲ, ಕಳೆದುಹೋದ ಅಂಗ ಮತ್ತೆ ಹುಟ್ಟುವುದಿಲ್ಲ, ಹಾಗಾಗಿ ನಂಟು ಸುಳ್ಳು ಅಂದ. ಲೆಕ್ಕ ಚೊಕ್ಕವಾಗಿತ್ತು, ಎಲ್ಲರೂ ಒಪ್ಪಿದರು. ತಮಾಷೆ ಏನೆಂದರೆ, ಅದಕ್ಕೂ ಎರಡು ವರ್ಷ ಮೊದಲೇ ವಿವರಣೆ ಅಚ್ಚಾಗಿದ್ದ ಮಂಗೋಲಿಯಾದ ಓವಿರ್ಯಾಪ್ಟರ್ ಎಂಬ ಡೈನೋಸಾರ್‌ಗೆ ಆ ಮೂಳೆ ಇತ್ತು. ಅದನ್ನು ಬೇರೇನೋ ಮೂಳೆ ಅಂತ ಬರೆದುಬಿಟ್ಟಿದ್ದರು.

ಆಮೇಲೆ ದಶಕಗಟ್ಟಲೆ ಡೈನೋಸಾರ್ ಬಾಲ ಎಳೆದುಕೊಂಡು ಕೆಸರಲ್ಲೇ ನಿಂತಿತ್ತು. ನಾನು ಚಿಕ್ಕವನಿದ್ದಾಗ ನೋಡಿದ ಚಿತ್ರಗಳಲ್ಲೂ ಹಾಗೇ ಇತ್ತು.

1964ರ ಆಗಸ್ಟ್‌ನಲ್ಲಿ ಅಮೆರಿಕದ ಮೊಂಟಾನಾದ ಇಳಿಜಾರೊಂದರಲ್ಲಿ ಯೇಲ್ ವಿಶ್ವವಿದ್ಯಾಲಯದ ಜಾನ್ ಆಸ್ಟ್ರಮ್‌ಗೆ ಉಗುರುಗಳು ಕಂಡವು. ಪೂರ್ತಿ ಅಗೆದಾಗ ಸಿಕ್ಕಿದ್ದು ಡೈನೋನಿಕಸ್. ಉದ್ದ 10 ಅಡಿ ಮೇಲೆ, ಹಿಂಗಾಲಿನ ಒಂದು ಬೆರಳಿಗೆ ಕುಡುಗೋಲಿನಂಥ ಉಗುರು, ಕೋಲಿನಂತೆ ನೆಟ್ಟಗಿದ್ದ ಬಾಲ. ಇಂಥ ಉಗುರು ಇಟ್ಟುಕೊಂಡು ಕೆಸರಲ್ಲಿ ಮಲಗುವ ಪ್ರಾಣಿ ಇರುತ್ತದಾ? ಒಂದು ಕಾಲಲ್ಲಿ ನಿಂತು ಇನ್ನೊಂದರಲ್ಲಿ ಸೀಳಬೇಕಾದರೆ ಚುರುಕು ಬೇಕು, ಸಮತೋಲ ಬೇಕು. ಆಸ್ಟ್ರಮ್ ಅವಸರದ ಮನುಷ್ಯನಲ್ಲ. ಪೂರ್ತಿ ವಿವರಣೆ 1969ರಲ್ಲಿ ಬಂತು. ಅದರ ಚಿತ್ರ ಬರೆದವನು ಅವನ ಶಿಷ್ಯ ರಾಬರ್ಟ್ ಬ್ಯಾಕರ್.

ಆ ಚಿತ್ರ ನೋಡಬೇಕು ನೀವು. ಬೆನ್ನು ನೆಲಕ್ಕೆ ಸಮ, ಬಾಲ ಹಿಂದಕ್ಕೆ ಸೆಟೆದಿದೆ, ಕಾಲು ಗಾಳಿಯಲ್ಲಿ. ಓಡುತ್ತಿದೆ! ನನ್ನ ಪ್ರಕಾರ ಬ್ಯಾಕರ್‌ನ ಎಲ್ಲ ವಾದಗಳಿಗಿಂತ ಜಾಸ್ತಿ ಕೆಲಸ ಮಾಡಿದ್ದು ಈ ಒಂದು ಚಿತ್ರ.

ಬ್ಯಾಕರ್ ಹುಟ್ಟಿದ್ದು 1945ರಲ್ಲಿ, ನ್ಯೂಜೆರ್ಸಿಯಲ್ಲಿ. ಹುಡುಗನಾಗಿದ್ದಾಗ ಅಜ್ಜನ ಮನೆಯಲ್ಲಿ ಪತ್ರಿಕೆಯೊಂದರ ಡೈನೋಸಾರ್ ಚಿತ್ರಗಳನ್ನು ನೋಡಿ ಹುಚ್ಚು ಹಿಡಿಸಿಕೊಂಡವನು. ಗಡ್ಡ, ದೊಡ್ಡ ಟೋಪಿ, ಜೋರು ಮಾತು. ಜೊತೆಗೆ ಕ್ರೈಸ್ತ ಧರ್ಮಬೋಧಕ ಕೂಡ. ಡೈನೋಸಾರ್‌ಗಳದ್ದು ಬಿಸಿ ರಕ್ತ ಅಂತ 1968ರಿಂದಲೇ ಬರೆಯತೊಡಗಿದ. 1975ರಲ್ಲಿ ಸೈಂಟಿಫಿಕ್ ಅಮೆರಿಕನ್ ಪತ್ರಿಕೆಯಲ್ಲಿ ಬಂದ ಲೇಖನದಿಂದ ಗಲಾಟೆ ಜೋರಾಯಿತು.

ಅವನ ಒಂದು ವಾದ ಕೊಡಗಿನವರಿಗೆ ಸುಲಭವಾಗಿ ಅರ್ಥವಾಗುತ್ತದೆ. ತೋಟದ ಹೆಬ್ಬಾವು ಒಂದು ಸಲ ದೊಡ್ಡ ಬೇಟೆ ನುಂಗಿದರೆ ವಾರಗಟ್ಟಲೆ ಸುಮ್ನೆ ಬಿದ್ದಿರುತ್ತದೆ. ಹುಲಿಗೆ ಅದು ಆಗದು, ಮೈ ಬಿಸಿ ಇಡಲಿಕ್ಕೇ ತಿನ್ನಬೇಕು. ನಾಗರಹೊಳೆಯಲ್ಲಿ ಹುಲಿಗಳ ಅಧ್ಯಯನ ಮಾಡಿದ ಉಲ್ಲಾಸ ಕಾರಂತರ ಲೆಕ್ಕದಲ್ಲಿ ಒಂದು ಹುಲಿಗೆ ವರ್ಷಕ್ಕೆ ಸುಮಾರು 50 ಬೇಟೆ ಬೇಕು, ಅಷ್ಟು ಸಿಗಬೇಕಾದರೆ ಸುತ್ತ 500 ಪ್ರಾಣಿ ಇರಬೇಕು. ಅಂದರೆ ಬಿಸಿ ರಕ್ತದ ಬೇಟೆಗಾರರ ಸಂಖ್ಯೆ ಯಾವಾಗಲೂ ಕಡಿಮೆ. ಬ್ಯಾಕರ್ ಮ್ಯೂಸಿಯಂಗಳ ಮೂಳೆ ಎಣಿಸಿದ. ಡೈನೋಸಾರ್‌ಗಳಲ್ಲೂ ಬೇಟೆಗಾರರು ಕಡಿಮೆ, ನೋಡಿ ಅಂದ.

ವಿರೋಧಿಗಳು ಬಿಡಲಿಲ್ಲ. ಯಾವ ಮೂಳೆ ಉಳಿಯಿತು, ಯಾವುದನ್ನು ಹೊತ್ತು ತಂದರು ಅನ್ನುವುದರ ಮೇಲೆ ಆ ಎಣಿಕೆ ನಿಂತಿದೆ, ಅದನ್ನು ನಂಬುವುದು ಹೇಗೆ? ನ್ಯಾಯದ ಪ್ರಶ್ನೆಯೇ. ಬ್ಯಾಕರ್ ಹೇಳಿದ್ದೆಲ್ಲ ನಿಲ್ಲಲಿಲ್ಲ.

1986ರಲ್ಲಿ ಅವನು 'ದಿ ಡೈನೋಸಾರ್ ಹೆರೆಸೀಸ್' ಬರೆದ. ಸಾಮಾನ್ಯ ಓದುಗರಿಗೆ, ತನ್ನದೇ ಚಿತ್ರಗಳ ಜೊತೆ. ಜನರಿಗೆ ಬರೆಯುವ ವಿಜ್ಞಾನಿಯನ್ನು ಸಹೋದ್ಯೋಗಿಗಳು ಸ್ವಲ್ಪ ಹಗುರಾಗಿ ನೋಡುವುದು ಎಲ್ಲ ಕಡೆಯೂ ಇದೆ ಅಲ್ವಾ, ಇವನಿಗೂ ಅದು ತಪ್ಪಲಿಲ್ಲ. ಆದರೆ ಹೊಸ ಡೈನೋಸಾರ್ ಮನೆಮನೆಗೆ ಹೋಗಿದ್ದು ಈ ದಾರಿಯಲ್ಲೇ. 1990ರಲ್ಲಿ ಜುರಾಸಿಕ್ ಪಾರ್ಕ್ ಕಾದಂಬರಿ, 1993ರಲ್ಲಿ ಸಿನಿಮಾ. ಅದರಲ್ಲಿ ಅಡುಗೆಮನೆಗೆ ನುಗ್ಗುವ ರ್ಯಾಪ್ಟರ್ ಇದೆಯಲ್ಲ, ಹೆಸರು ವೆಲಾಸಿರ್ಯಾಪ್ಟರ್ ಅಂತ ಇಟ್ಟರೂ ಅದು ಆಸ್ಟ್ರಮ್‌ನ ಡೈನೋನಿಕಸ್ಸೇ. ನಿಜವಾದ ವೆಲಾಸಿರ್ಯಾಪ್ಟರ್ ಟರ್ಕಿ ಕೋಳಿಯಷ್ಟು ದೊಡ್ಡದು, ಅಷ್ಟೇ. 1997ರ ಎರಡನೇ ಭಾಗದಲ್ಲಿ ಬ್ಯಾಕರ್‌ನನ್ನೇ ಹೋಲುವ ಗಡ್ಡ, ಟೋಪಿಯ ವಿಜ್ಞಾನಿಯೊಬ್ಬನನ್ನು ದೈತ್ಯ ಬೇಟೆಗಾರ ಡೈನೋಸಾರ್ ಟಿ. ರೆಕ್ಸ್ ತಿಂದು ಹಾಕುತ್ತದೆ. ಇದಕ್ಕಿಂತ ದೊಡ್ಡ ಸನ್ಮಾನ ಬೇಕಾ?

ಅದಕ್ಕೂ ಮುಂಚೆ, 1996ರಲ್ಲಿ, ಚೀನಾದ ಲಿಯಾವೊನಿಂಗ್‌ನಿಂದ ಸೈನೋಸಾರಾಪ್ಟೆರಿಕ್ಸ್ ಬಂತು. ಸಣ್ಣ ಡೈನೋಸಾರ್, ಮೈಯ ಸುತ್ತ ಪುಕ್ಕದ ಎಳೆಗಳ ಗುರುತು. ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಹಕ್ಕಿ ನಂಟಿನ ಪರ ವಾದಿಸಿದ್ದ ಆಸ್ಟ್ರಮ್ ಇದನ್ನು ನೋಡುವಷ್ಟು ದಿನ ಬದುಕಿದ್ದ. ಕವೆ ಮೂಳೆ ಕೂಡ ಅಷ್ಟರಲ್ಲಿ ಒಂದೊಂದಾಗಿ ಸಿಗತೊಡಗಿತ್ತು. ಈಗ ಟಿ. ರೆಕ್ಸ್‌ಗೂ ಇತ್ತು ಅಂತ ಗೊತ್ತು.

ಇಷ್ಟೆಲ್ಲ ಹೇಳಿ ಮುಗಿಸುವಾಗ ನೂಪುಟ್ಟು ಆರಿ ಹೋಗಿತ್ತು. ಹುಡುಗ ಮೂಳೆ ತೊಳೆದು, ಅಡುಗೆಮನೆ ಕಿಟಕಿಯಲ್ಲಿ ಒಣಗಲು ಇಟ್ಟ. ಬೆಳಿಗ್ಗೆ ಎದ್ದು ನೋಡಿದರೆ ಅಂಗಳದಲ್ಲಿ ಕುಕ್ಕರಗಾಲಲ್ಲಿ ಕೂತು ಹುಂಜದ ಕಾಲನ್ನೇ ನೋಡುತ್ತಿದ್ದ. ಮೂರು ಬೆರಳು ಮುಂದಕ್ಕೆ, ಮೇಲೆಲ್ಲ ಹುರುಪೆ. "ಮಾವ, ಇದು ನನ್ನನ್ನೇ ಗುರಾಯಿಸ್ತಿದೆ" ಅಂದ. ಹುಂಜ ಒಂದು ಹೆಜ್ಜೆ ಮುಂದೆ ಬಂತು. ಹುಡುಗ ಎದ್ದು ಒಳಗೆ ಓಡಿದ.